ಪಾರ್ಕಿನೊಳಗೆ ನೀರಿಗೆ 40 ರೂಪಾಯಿ: ಕೊಡಲೇಬೇಕಾ?

ಪ್ರಶ್ನೆ: ಬೇಸಿಗೆ ರಜೆಯಲ್ಲಿ ಚಿತ್ರದುರ್ಗದಿಂದ ಬೆಂಗಳೂರು ಕಡೆಯ ಒಂದು ಅಮ್ಯೂಸ್‌ಮೆಂಟ್ ಪಾರ್ಕಿಗೆ ಮನೆಯವರೆಲ್ಲ ಸೇರಿ ಆರು ಜನ ಹೋಗಿದ್ದೆವು. ಗೇಟಿನಲ್ಲಿ ಬ್ಯಾಗ್ ಬಿಚ್ಚಿಸಿ, ಮನೆಯಿಂದ ತಂದಿದ್ದ ಮಜ್ಜಿಗೆ, ನೀರು ಎಲ್ಲ ಹೊರಗಿಡಿಸಿದರು. ಒಳಗೆ ಅರ್ಧ ಲೀಟರ್ ನೀರಿಗೆ 40 ರೂಪಾಯಿ, ಒಂದು ಲೋಟ ಕೂಲ್‌ಡ್ರಿಂಕ್ಸ್‌ಗೆ 90. ಕುಡಿದಿದ್ದಕ್ಕೇ 1,400 ರೂಪಾಯಿ ಆಯಿತು. ಮೂರು ವರ್ಷದ ಹಿಂದೆ ಹೋದಾಗ ಇದರ ಅರ್ಧವೂ ಆಗಿರಲಿಲ್ಲ. ಇಷ್ಟು ತೆಗೆದುಕೊಳ್ಳಲು ಅವರಿಗೆ ಹಕ್ಕಿದೆಯಾ? ಮುಂದಿನ ಸಲ ನಾವು ಏನು ಮಾಡಬೇಕು? ಬಿಲ್ಲುಗಳನ್ನೂ ಕಳಿಸಿದ್ದೇನೆ.

ಉತ್ತರ: ನೀವು ಕಳಿಸಿದ ಬಿಲ್ಲುಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟು ಕೂಡಿಸಿ ನೋಡಿದೆ. ನೀರಿನ ಬಾಟಲಿ ಎಂಟು, ಒಟ್ಟು 320 ರೂಪಾಯಿ. ಕೂಲ್‌ಡ್ರಿಂಕ್ಸ್ ಹನ್ನೆರಡು ಲೋಟ, ಒಟ್ಟು 1,080. ನಿಮಗೆ ಸಿಟ್ಟು ಬಂದಿದ್ದು ನೀರಿನ ಬೆಲೆಗೆ. ಆದರೆ ದುಡ್ಡು ಹೆಚ್ಚು ಹೋಗಿದ್ದು ಲೋಟಗಳಿಗೆ. ಈ ಎರಡನ್ನೂ ಬೇರೆ ಬೇರೆ ಮಾಡಿ ನೋಡಬೇಕು. ಯಾಕೆಂದರೆ ಬಾಟಲಿಯ ಬೆಲೆಗೆ ಕಾನೂನಿನ ಕಡಿವಾಣ ಇದೆ. ಲೋಟದ ಬೆಲೆಗೆ ಇಲ್ಲ.

ಮೊದಲು ಬಾಟಲಿ. ಸೀಲ್ ಹಾಕಿ ಬರುವ ಯಾವುದೇ ಬಾಟಲಿಯ ಮೇಲೆ ಎಂಆರ್‌ಪಿ ಅಚ್ಚಾಗಿರಬೇಕು. ಎಲ್ಲ ತೆರಿಗೆಯೂ ಅದರಲ್ಲೇ ಸೇರಿರುತ್ತದೆ. ಅಂಗಡಿಯವರು ಅದಕ್ಕಿಂತ ಒಂದು ರೂಪಾಯಿ ಜಾಸ್ತಿ ತೆಗೆದುಕೊಂಡರೂ ಅದು 2011ರ ಪ್ಯಾಕೇಜ್ಡ್ ಕಮಾಡಿಟೀಸ್ ನಿಯಮಗಳಿಗೆ ವಿರುದ್ಧ. ‘ಕೂಲಿಂಗ್ ಚಾರ್ಜ್’ ಅಂತ ಎರಡು ಮೂರು ರೂಪಾಯಿ ಸೇರಿಸುವುದು ನಮ್ಮಲ್ಲಿ ಬಸ್‌ಸ್ಟ್ಯಾಂಡಿನಿಂದ ಜಾತ್ರೆಯವರೆಗೂ ರೂಢಿಯಾಗಿಬಿಟ್ಟಿದೆ. ರೂಢಿಯಾದ ಮಾತ್ರಕ್ಕೆ ಸರಿ ಆಗುವುದಿಲ್ಲ. ಎಂಆರ್‌ಪಿ ಮೇಲೆ ಮತ್ತೆ ಜಿಎಸ್‌ಟಿ ಹಾಕಿ ಬಿಲ್ ಮಾಡುವುದೂ ತಪ್ಪೇ.

ಕೆಲವು ವರ್ಷದ ಹಿಂದೆ ಅಕ್ಕನ ಮೊಮ್ಮಕ್ಕಳ ಜೊತೆ ಒಂದು ವಾಟರ್ ಪಾರ್ಕಿಗೆ ಹೋಗಿದ್ದೆ. ಚಿಕ್ಕವಳು ಬಾಯಾರಿಕೆ ಅಂದಳು, ಅಲ್ಲೇ ಇದ್ದ ಸ್ಟಾಲಿನಲ್ಲಿ ಬಾಟಲಿ ತೆಗೆದುಕೊಂಡೆ. ಬೆಲೆ ಇರುವ ಜಾಗದಲ್ಲಿ ಬಿಳಿ ಸ್ಟಿಕ್ಕರ್, ಅದರ ಮೇಲೆ 35 ಅಂತ ಇತ್ತು. ಬಾಟಲಿ ತಣ್ಣಗಿತ್ತು, ಮೈಯೆಲ್ಲ ನೀರೊಡೆದು ಸ್ಟಿಕ್ಕರಿನ ಅಂಚು ಎದ್ದಿತ್ತು. ಉಗುರಿನಿಂದ ಎಳೆದೆ, ಪೂರ್ತಿ ಬಂತು. ಕೆಳಗೆ 20 ಅಂತ ಕಪ್ಪು ಅಕ್ಷರದಲ್ಲಿ ಅಚ್ಚಾಗಿತ್ತು. ಸ್ಟಾಲಿನ ಹುಡುಗನಿಗೆ ತೋರಿಸಿದೆ. ಅವನು ನನ್ನ ಮುಖ ನೋಡಲಿಲ್ಲ, ಸುಮ್ಮನೆ 15 ರೂಪಾಯಿ ವಾಪಸ್ ಕೊಟ್ಟ. ಅವನ ಹಿಂದೆ ಅದೇ ಸ್ಟಿಕ್ಕರಿನ ಇನ್ನೂ ನಾಲ್ಕು ಕೇಸ್ ಇದ್ದವು. ಬೆಲೆ ಏರಿಸುವುದಕ್ಕೆ ಸ್ಟಿಕ್ಕರ್ ಅಂಟಿಸುವಂತೆಯೇ ಇಲ್ಲ. ಬೆಲೆ ಇಳಿಸುವುದಾದರೆ ಅಂಟಿಸಬಹುದು, ಆಗಲೂ ಹಳೆಯ ಬೆಲೆ ಮುಚ್ಚಬಾರದು. ಅವತ್ತು ನನಗೆ ದುಡ್ಡು ವಾಪಸ್ ಬಂತು ನಿಜ. ಆದರೆ ಆ ನಾಲ್ಕು ಕೇಸಿನ ಬಾಟಲಿಗಳನ್ನು ಕೊಂಡವರು ಯಾರೂ ಸ್ಟಿಕ್ಕರ್ ಎಳೆದು ನೋಡಿರಲಿಕ್ಕಿಲ್ಲ. ಅದು ಇವತ್ತಿಗೂ ನನ್ನ ಮನಸ್ಸಿನಲ್ಲಿ ಉಳಿದಿದೆ.

ಹಾಗಾದರೆ ಬಾಟಲಿ ಮೇಲೆ ಅಚ್ಚಾಗಿಯೇ 40 ಅಂತ ಇದ್ದರೆ? ಅಚ್ಚಾದ ಬೆಲೆ ಎಷ್ಟಿತ್ತು ಅಂತ ನೀವು ಬರೆದಿಲ್ಲ. ನಿಮ್ಮ ಪ್ರಶ್ನೆಗೆ ಉತ್ತರ ಅದರಲ್ಲೇ ಇದೆ.

ಮೊದಲು ಒಂದೇ ಕಂಪನಿಯ ಒಂದೇ ಅಳತೆಯ ಬಾಟಲಿಗೆ ಎರಡು ಎಂಆರ್‌ಪಿ ಇರುತ್ತಿತ್ತು. ಅಂಗಡಿಗೆ ಒಂದು, ಸಿನಿಮಾ ಹಾಲ್, ಏರ್‌ಪೋರ್ಟ್, ಮಾಲ್‌ಗಳಿಗೆ ಇನ್ನೊಂದು. ಇದರ ವಿರುದ್ಧ ಗ್ರಾಹಕರು ವರ್ಷಗಟ್ಟಲೆ ಹೋರಾಡಿದರು. ಕೊನೆಗೆ ನಿಯಮ ತಿದ್ದುಪಡಿ ಆಗಿ, 2018ರ ಜನವರಿ 1ರಿಂದ ಒಂದೇ ಥರದ ಸರಕಿಗೆ ಎರಡು ಬೆಲೆ ಅಚ್ಚು ಹಾಕುವುದು ನಿಂತಿತು. ‘ಒಂದೇ ಥರದ’ ಅನ್ನುವ ಮಾತನ್ನು ಗಮನಿಸಿ. ಕಂಪನಿಗಳು ಅದನ್ನು ಚೆನ್ನಾಗಿಯೇ ಗಮನಿಸಿವೆ. ಪಾರ್ಕ್, ಮಲ್ಟಿಪ್ಲೆಕ್ಸ್‌ಗಳಲ್ಲಿ ಈಗ ಸಿಗುವುದು ನಿಮ್ಮೂರಿನ ಅಂಗಡಿಯ ಮಾಮೂಲಿ ಬಾಟಲಿ ಅಲ್ಲ. ಬೇರೆ ಅಳತೆ, ಬೇರೆ ಆಕಾರ, ಇಲ್ಲವೇ ಬೆಟ್ಟದ ಬುಡದ ಮಿನರಲ್ ವಾಟರ್ ಅನ್ನುವ ದುಬಾರಿ ಬ್ರ್ಯಾಂಡ್. ಅದರ ಮೇಲೆ ಕಂಪನಿಯೇ 40, 50, 60 ಅಂತ ಅಚ್ಚು ಹಾಕಿರುತ್ತದೆ. ಅದನ್ನು ಆ ಬೆಲೆಗೆ ಮಾರಿದರೆ ಕಾನೂನು ಅಡ್ಡ ಬರುವುದಿಲ್ಲ.

ಆದರೆ ಪಕ್ಕದಲ್ಲೇ ಇನ್ನೊಂದು ಚಿಕ್ಕ ಸಂಖ್ಯೆ ಇರುತ್ತದೆ, ಹೆಚ್ಚಿನವರು ಅದನ್ನು ನೋಡುವುದಿಲ್ಲ. ಒಂದು ಮಿಲಿಲೀಟರಿಗೆ ಎಷ್ಟು ಪೈಸೆ ಅನ್ನುವ ಲೆಕ್ಕ ಅದು. ಅರ್ಧ ಲೀಟರಿಗೆ 40 ಅಂದರೆ ಮಿಲಿಲೀಟರಿಗೆ 8 ಪೈಸೆ, ಲೀಟರಿಗೆ 80 ರೂಪಾಯಿ. ರೈಲ್ವೆಯ ‘ರೈಲ್ ನೀರ್’ ಲೀಟರ್ ಬಾಟಲಿ 2025ರ ಸೆಪ್ಟೆಂಬರ್ 22ರಿಂದ 14 ರೂಪಾಯಿ. ಅದಕ್ಕೆ ಮೊದಲು 15 ಇತ್ತು, ಜಿಎಸ್‌ಟಿ ಇಳಿದಾಗ ಒಂದು ರೂಪಾಯಿ ಇಳಿಸಿದರು. ಅದನ್ನೂ ಶುದ್ಧ ಮಾಡಿ, ಬಾಟಲಿಗೆ ತುಂಬಿ, ಲಾಭ ಇಟ್ಟುಕೊಂಡೇ ಮಾರುತ್ತಾರೆ. ನೀವು ಕೊಟ್ಟಿದ್ದು ಹತ್ತಿರ ಹತ್ತಿರ ಆರು ಪಟ್ಟು.

ತೆರಿಗೆ ಏರಿತು, ಅದಕ್ಕೇ ನಾವೂ ಏರಿಸಿದೆವು ಅಂತ ಕೌಂಟರಿನಲ್ಲಿ ಹೇಳಿದರೆ ನಂಬಬೇಡಿ. ಬಾಟಲಿ ನೀರಿನ ಜಿಎಸ್‌ಟಿ ಅದೇ ಸೆಪ್ಟೆಂಬರ್‌ನಲ್ಲಿ ಶೇಕಡ 18ರಿಂದ 5ಕ್ಕೆ ಇಳಿದಿದೆ. ಬಾಟಲಿ ಕೋಲಾಗಳಿಗೆ ಮೊದಲು ಶೇಕಡ 28 ಮತ್ತು ಸೆಸ್ (ಹೆಚ್ಚುವರಿ ತೆರಿಗೆ) 12 ಸೇರಿ 40 ಇತ್ತು, ಈಗಲೂ 40.

ಇನ್ನೊಂದು ತೊಡಕು ಇದೆ, ಅದನ್ನೂ ಹೇಳಿಬಿಡುತ್ತೇನೆ. 2017ರ ಡಿಸೆಂಬರ್ 12ರಂದು ಸುಪ್ರೀಂ ಕೋರ್ಟ್ ಹೋಟೆಲ್, ರೆಸ್ಟೋರೆಂಟ್‌ಗಳ ಪರವಾಗಿ ಒಂದು ತೀರ್ಪು ಕೊಟ್ಟಿತು. ಅಲ್ಲಿ ಗಿರಾಕಿ ಬರೀ ನೀರು ಕೊಳ್ಳುವುದಿಲ್ಲ. ಕುರ್ಚಿ, ಮೇಜು, ಬಡಿಸುವವರ ಸೇವೆ ಎಲ್ಲ ಸೇರಿರುತ್ತದೆ. ಹಾಗಾಗಿ ಎಂಆರ್‌ಪಿಗಿಂತ ಜಾಸ್ತಿ ತೆಗೆದುಕೊಂಡರೆ ತೂಕ ಮತ್ತು ಅಳತೆಯ ಕಾಯ್ದೆ ಅವರಿಗೆ ಅನ್ವಯಿಸುವುದಿಲ್ಲ ಅಂತ. ಪಾರ್ಕಿನೊಳಗೆ ಕೂತು ಊಟ ಮಾಡುವ ರೆಸ್ಟೋರೆಂಟ್ ಇದ್ದರೆ ಅವರು ಈ ತೀರ್ಪು ತೋರಿಸಬಹುದು. ಆದರೆ ರೈಡಿನ ಪಕ್ಕದ ಗೂಡಂಗಡಿಯವರು ಫ್ರಿಜ್ ಬಾಗಿಲು ತೆಗೆದು ಬಾಟಲಿ ಕೈಗಿಡುತ್ತಾರೆ, ನೀವು ನಿಂತೇ ಕುಡಿಯುತ್ತೀರಿ. ಅದು ಶುದ್ಧ ಚಿಲ್ಲರೆ ಮಾರಾಟ. ಅಲ್ಲಿ ಎಂಆರ್‌ಪಿಯೇ ಗಟ್ಟಿ ಅನ್ನುವುದು ನನ್ನ ಅಭಿಪ್ರಾಯ. ಒಂದೇ ಪಾರ್ಕಿನಲ್ಲಿ ರೆಸ್ಟೋರೆಂಟಿನ ಬಿಲ್ ಬೇರೆ, ಗೂಡಂಗಡಿಯ ಬಿಲ್ ಬೇರೆ. ನಿಮ್ಮ ಎಂಟರಲ್ಲಿ ಆರು ಬಾಟಲಿ ಗೂಡಂಗಡಿಯವೇ.

ಇನ್ನು ಲೋಟದ ಮಾತು. ಮಷೀನಿನಿಂದ ಲೋಟಕ್ಕೆ ಬಗ್ಗಿಸಿ ಕೊಡುವ ಕೂಲ್‌ಡ್ರಿಂಕ್ಸ್‌ಗೆ ಎಂಆರ್‌ಪಿ ಅನ್ನುವುದೇ ಇಲ್ಲ. ಬೋರ್ಡಿನಲ್ಲಿ ಬರೆದಿದ್ದೇ ಬೆಲೆ. 90 ಬರೆದರೆ 90, 120 ಬರೆದರೆ 120. ಆ ಮಷೀನಿನ ಹಿಂದೆ ಒಂದು ಡಬ್ಬಿಯಲ್ಲಿ ಗಟ್ಟಿ ಸಿರಪ್ ಇರುತ್ತದೆ. ಒಂದು ಪಾಲು ಸಿರಪ್ಪಿಗೆ ಸುಮಾರು ಐದು ಪಾಲು ಗ್ಯಾಸ್ ತುಂಬಿದ ನೀರು ಬೆರೆತು ಲೋಟಕ್ಕೆ ಬೀಳುತ್ತದೆ. ಜೊತೆಗೆ ಅರ್ಧ ಲೋಟ ಐಸ್. ಅಂದರೆ ನೀವು 90 ರೂಪಾಯಿ ಕೊಟ್ಟು ತೆಗೆದುಕೊಂಡಿದ್ದರಲ್ಲಿ ಹೆಚ್ಚಿನ ಪಾಲು ನೀರೇ. ಐಸ್ ಕಡಿಮೆ ಹಾಕಿ ಅಂತ ಕೇಳಿದರೆ ಕೊಡುತ್ತಾರೆ. ಕೇಳಲು ಸಂಕೋಚ ಬೇಡ.

ಮೂರು ವರ್ಷದ ಹಿಂದೆ ಇದರ ಅರ್ಧವೂ ಆಗಿರಲಿಲ್ಲ ಅಂದಿದ್ದೀರಿ. ಬೆಲೆ ಯಾಕೆ ಹೀಗೆ ಏರುತ್ತದೆ? ಪಾರ್ಕ್ ನಡೆಸುವವರಿಗೆ ಎರಡು ಆದಾಯ: ಗೇಟಿನ ಟಿಕೆಟ್ ಒಂದು, ಒಳಗೆ ಜನ ಖರ್ಚು ಮಾಡುವುದು ಇನ್ನೊಂದು. ಷೇರು ಮಾರುಕಟ್ಟೆಯಲ್ಲಿರುವ ಪಾರ್ಕ್ ಕಂಪನಿಗಳು ಇವೆರಡನ್ನೂ ತಲೆಗೆ ಇಷ್ಟು ಅಂತ ಬೇರೆ ಬೇರೆ ಲೆಕ್ಕ ಕೊಡುತ್ತವೆ. ಟಿಕೆಟ್ ಬೆಲೆ ಎಲ್ಲರ ಕಣ್ಣಿಗೂ ಬೀಳುತ್ತದೆ. ಫೋನಿನಲ್ಲಿ ನಾಲ್ಕು ಪಾರ್ಕಿನ ಟಿಕೆಟ್ ಹೋಲಿಸಿ ನೋಡಿಯೇ ನೀವೂ ಹೋಗಿರುತ್ತೀರಿ. ಹಾಗಾಗಿ ಅಲ್ಲಿ ರಿಯಾಯಿತಿ ಕೊಡಲೇಬೇಕು. ಒಳಗಿನ ನೀರಿನ ಬೆಲೆಯನ್ನು ಮನೆಯಲ್ಲಿ ಕೂತು ಯಾರೂ ಹೋಲಿಸುವುದಿಲ್ಲ. ಒಳಗೆ ಹೋದ ಮೇಲೆ ಬೇರೆ ಅಂಗಡಿಯೂ ಇಲ್ಲ. ಜೊತೆಗೆ ಸ್ಟಾಲ್ ಹಾಕಿದವರು ಪಾರ್ಕಿಗೆ ಬಾಡಿಗೆಯನ್ನೋ ಮಾರಾಟದಲ್ಲಿ ಪಾಲನ್ನೋ ಕೊಡಬೇಕಿದ್ದರೆ ಅದೂ ನಿಮ್ಮ ಲೋಟಕ್ಕೇ ಬಂದು ಬೀಳುತ್ತದೆ. ಪಾರ್ಕಿನವರ ಕಷ್ಟವೂ ಇಲ್ಲದಿಲ್ಲ. ಮಳೆಗಾಲದಲ್ಲಿ, ಪರೀಕ್ಷೆ ಸಮಯದಲ್ಲಿ ಜನ ಬರುವುದಿಲ್ಲ. ಆದರೂ ರೈಡುಗಳ ರಿಪೇರಿ, ಕರೆಂಟು, ಸಂಬಳ ನಿಲ್ಲುವುದಿಲ್ಲ. ರಜೆಯ ಎರಡು ತಿಂಗಳಲ್ಲಿ ವರ್ಷದ ದುಡಿಮೆ ಆಗಬೇಕು. ಇದನ್ನೆಲ್ಲ ಒಪ್ಪುತ್ತೇನೆ. ಐಸ್‌ಕ್ರೀಂ, ಕೋಲಾ, ಪಾಪ್‌ಕಾರ್ನ್ ಮೇಲೆ ದುಡಿಯಲಿ, ಬೇಡ ಅನ್ನುವುದಿಲ್ಲ. ಬಿಸಿಲಲ್ಲಿ ಆರೇಳು ಗಂಟೆ ಇರುವ ಮಗುವಿನ ಬಾಯಾರಿಕೆಯ ಮೇಲೆ ದುಡಿಯಬಾರದು. ನನ್ನ ತಕರಾರು ಅಷ್ಟೇ.

ಈ ತಕರಾರು ಹಳೆಯದು ಕೂಡ. 1955ರ ಜುಲೈ 17ರಂದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಡಿಸ್ನಿಲ್ಯಾಂಡ್ ಶುರುವಾಯಿತು. ಅದಕ್ಕೆ ಮೊದಲು ಪ್ಲಂಬರ್‌ಗಳು ಮುಷ್ಕರ ಮಾಡಿದ್ದರು. ಇರುವ ಸಮಯದಲ್ಲಿ ಟಾಯ್ಲೆಟ್‌ಗಳಿಗೆ ನಲ್ಲಿ ಹಾಕಬೇಕು, ಇಲ್ಲವೇ ಕುಡಿಯುವ ನೀರಿನ ನಲ್ಲಿಗಳನ್ನು ಮುಗಿಸಬೇಕು, ಎರಡೂ ಆಗುವುದಿಲ್ಲ ಅನ್ನುವ ಸ್ಥಿತಿ. ವಾಲ್ಟ್ ಡಿಸ್ನಿ ಟಾಯ್ಲೆಟ್ ಆರಿಸಿಕೊಂಡರು. ಅವತ್ತು ಸುಡುವ ಬಿಸಿಲು. ಕುಡಿಯುವ ನೀರಿನ ನಲ್ಲಿ ಕಾಣದ ಜನ, ಪೆಪ್ಸಿ ಮಾರುವುದಕ್ಕೇ ಹೀಗೆ ಮಾಡಿದ್ದಾರೆ ಅಂತ ಬೈದುಕೊಂಡರು. ಈಗ ಅದೇ ಕಂಪನಿಯ ಅಮೆರಿಕದ ಪಾರ್ಕುಗಳಲ್ಲಿ ಮನೆಯ ತಿಂಡಿ, ನೀರು ಒಳಗೆ ಒಯ್ಯಬಹುದು. ಗಾಜಿನ ಬಾಟಲಿ, ಮದ್ಯ ಮಾತ್ರ ಬೇಡ. ಕೌಂಟರ್ ಊಟದ ಜಾಗಗಳಲ್ಲಿ ಕೇಳಿದರೆ ಒಂದು ಲೋಟ ಐಸ್ ನೀರು ಪುಕ್ಕಟೆ ಕೊಡುತ್ತಾರೆ. ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಹೋಗಿ ಒರ್ಲ್ಯಾಂಡೊದ ಡಿಸ್ನಿ ಪಾರ್ಕ್ ನೋಡಿಬರುವ ನಮ್ಮ ಹಿರಿಯರಿಗೆ ಇದನ್ನು ಹೇಳಿ. ಸುಮ್ನೆ ಡಾಲರ್ ಕೊಟ್ಟು ನೀರು ಕೊಳ್ಳುವುದು ಬೇಡ. ಅಷ್ಟು ದೊಡ್ಡ ವ್ಯಾಪಾರ ಪುಕ್ಕಟೆ ನೀರು ಕೊಟ್ಟೂ ನಡೆಯುತ್ತದೆ ಅಂದಮೇಲೆ ಇಲ್ಲೂ ನಡೆಯಬೇಕು, ಅಲ್ವಾ?

ಗೇಟಿನಲ್ಲಿ ಮಜ್ಜಿಗೆ ಹೊರಗಿಡಿಸಿದ್ದು ಸರಿಯಾ? ಹೊರಗಿನ ತಿಂಡಿ, ಪಾನೀಯ ಬೇಡ ಅನ್ನುವ ಹಕ್ಕು ಅವರಿಗಿದೆ ಅಂತಲೇ ಹೇಳಬೇಕು. 2023ರ ಜನವರಿ 3ರಂದು ಸಿನಿಮಾ ಹಾಲ್‌ಗಳ ವಿಷಯದಲ್ಲಿ ಸುಪ್ರೀಂ ಕೋರ್ಟ್ ಹಾಗೇ ಹೇಳಿತು. ಅದು ಅವರ ಜಾಗ, ಷರತ್ತು ಅವರದು. ಯಾರಾದರೂ ಜಿಲೇಬಿ ತಂದು ತಿಂದು ಅಂಟು ಕೈಯನ್ನು ಸೀಟಿಗೆ ಒರೆಸಿದರೆ ತೊಳೆಯುವವರು ಯಾರು ಅಂತ ಆಗಿನ ಮುಖ್ಯ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಕೇಳಿದ್ದರು. ಆದರೆ ಅದೇ ವಿಚಾರಣೆಯಲ್ಲಿ ಎರಡು ಮಾತು ಗಟ್ಟಿಯಾಗಿ ಬಂದವು. ಶುದ್ಧ ಕುಡಿಯುವ ನೀರನ್ನು ಪುಕ್ಕಟೆ ಕೊಡಬೇಕು. ಎಳೆಯ ಮಕ್ಕಳ ಜೊತೆ ಬಂದವರು ಮಗುವಿಗೆ ಬೇಕಾದಷ್ಟು ಆಹಾರ ತಂದರೆ ತಡೆಯಬಾರದು.

ಅದಕ್ಕೂ ಮೊದಲು, 2015ರಲ್ಲಿ, ತ್ರಿಪುರಾದ ಒಂದು ಮಲ್ಟಿಪ್ಲೆಕ್ಸಿನ ಪ್ರಕರಣ ರಾಷ್ಟ್ರೀಯ ಗ್ರಾಹಕ ಆಯೋಗದ ಮುಂದೆ ಬಂದಿತ್ತು. ಹೊರಗಿನ ನೀರು ಬೇಡ ಅಂದರೆ ಒಳಗೆ ಪುಕ್ಕಟೆ ಕುಡಿಯುವ ನೀರು ಇರಲೇಬೇಕು, ಇಲ್ಲದಿದ್ದರೆ ಅದು ಸೇವೆಯಲ್ಲಿನ ಲೋಪ ಅಂತ ಆಯೋಗ ಹೇಳಿತು. ಇವೆಲ್ಲ ಸಿನಿಮಾ ಹಾಲ್‌ಗಳ ಮಾತು, ನಿಜ. ಆದರೆ ಸಿನಿಮಾ ಮೂರು ಗಂಟೆ, ಎಸಿಯಲ್ಲಿ. ಪಾರ್ಕ್ ಇಡೀ ಹಗಲು, ಬಿಸಿಲಲ್ಲಿ. ಹಾಲಿಗೆ ಅನ್ವಯಿಸುವ ತರ್ಕ ಪಾರ್ಕಿಗೆ ಇನ್ನೂ ಬಲವಾಗಿ ಅನ್ವಯಿಸಬೇಕು. ಗ್ರಾಹಕ ಆಯೋಗದ ಮುಂದೆ ನಾನು ಹೀಗೇ ವಾದಿಸುತ್ತೇನೆ.

ಹಾಗಾಗಿ ಮುಂದಿನ ಸಲ ಗೇಟಿನಲ್ಲಿ ಮಜ್ಜಿಗೆಗಾಗಿ ಜಗಳ ಆಡಬೇಡಿ. ಒಂದೇ ಪ್ರಶ್ನೆ ಕೇಳಿ: “ಪುಕ್ಕಟೆ ಕುಡಿಯುವ ನೀರು ಎಲ್ಲೆಲ್ಲಿ ಇದೆ?” ಜವಾಬು ಗೊತ್ತಿಲ್ಲದ ಗಾರ್ಡ್‌ಗಳೇ ಹೆಚ್ಚು. ಆದರೆ ನಮ್ಮ ಬಹಳಷ್ಟು ಪಾರ್ಕುಗಳಲ್ಲಿ ನೀರಿನ ಫಿಲ್ಟರ್ ಇರುತ್ತದೆ. ಟಾಯ್ಲೆಟ್ ಪಕ್ಕದ ಮೂಲೆಯಲ್ಲೋ, ಬಟ್ಟೆ ಬದಲಿಸುವ ಕೋಣೆಯ ಹಿಂದೋ ಇರುತ್ತದೆ. ಸ್ಟಾಲಿಗೆ ಹತ್ತು ಬೋರ್ಡ್ ಇದ್ದರೆ ಅದಕ್ಕೆ ಒಂದೂ ಇರುವುದಿಲ್ಲ. ಟಿಕೆಟ್ ಬುಕ್ ಮಾಡುವ ಹಿಂದಿನ ದಿನವೇ ಫೋನ್ ಮಾಡಿ ಕೇಳುವುದು ಇನ್ನೂ ಒಳ್ಳೆಯದು. ಖಾಲಿ ಸ್ಟೀಲ್ ಬಾಟಲಿ ಒಳಗೆ ಬಿಡುತ್ತೀರಾ ಅಂತಲೂ ಕೇಳಿ. ತುಂಬಿದ ಬಾಟಲಿ ಬೇಡ ಅನ್ನುವವರೂ ಖಾಲಿ ಬಾಟಲಿ ಬಿಡಬಹುದು. ಮನೆಯಲ್ಲಿ ಸಕ್ಕರೆ ಕಾಯಿಲೆಯವರಿದ್ದರೆ, ಔಷಧಿ ತೆಗೆದುಕೊಳ್ಳುವ ಹಿರಿಯರಿದ್ದರೆ ಡಾಕ್ಟರ ಚೀಟಿ ಜೊತೆಗಿರಲಿ. ಅವರ ತಿಂಡಿ, ನೀರನ್ನು ಯಾವ ಗಾರ್ಡೂ ಸುಲಭಕ್ಕೆ ತಡೆಯುವುದಿಲ್ಲ.

ಶಾಲೆಯ ಪ್ರವಾಸ ಕರೆದುಕೊಂಡು ಹೋಗುವ ಮೇಷ್ಟ್ರುಗಳಿಗೂ ಒಂದು ಮಾತು. ಗ್ರೂಪ್ ಬುಕಿಂಗ್ ಮಾಡುವಾಗ ಮಾತಾಡುವ ಶಕ್ತಿ ನಿಮ್ಮ ಕೈಯಲ್ಲಿರುತ್ತದೆ. ಊಟದ ಜೊತೆ ಮಕ್ಕಳಿಗೆ ಇಡೀ ದಿನ ಕುಡಿಯುವ ನೀರು ಅಂತ ಬರೆಸಿಕೊಳ್ಳಿ. ಬಸ್ಸಿನಲ್ಲಿ ಎರಡು 20 ಲೀಟರ್ ಕ್ಯಾನ್ ಇಟ್ಟುಕೊಂಡರೆ ಹೋಗುವಾಗ ಬರುವಾಗ ಯೋಚನೆ ಇಲ್ಲ.

ಈಗ ಲೋಟಗಳಿಗೆ ಹೋದ ಆ 1,080 ರೂಪಾಯಿ. ಅದು ನಿಜವಾಗಿ ಬಾಯಾರಿಕೆಗೆ ಹೋದ ದುಡ್ಡು. ಮಕ್ಕಳು ಬೆಳಗ್ಗೆ ಹನ್ನೊಂದಕ್ಕೆ ನೀರಿಗಿಳಿದರೆ ಒಂದೂವರೆವರೆಗೆ ಮೇಲೆ ಬರುವುದಿಲ್ಲ. ಮೈ ಒದ್ದೆ ಇರುವುದರಿಂದ ಬೆವರಿದ್ದು ಗೊತ್ತೇ ಆಗುವುದಿಲ್ಲ. ಹೊರಗೆ ಬಂದಾಗ ಗಂಟಲು ಒಣಗಿರುತ್ತದೆ, ಎದುರಿಗೇ ಕೋಲಾ ಮಷೀನ್. ಪರ್ಸ್ ಲಾಕರಿನಲ್ಲಿದೆ, ಕೈಗೆ ಕಟ್ಟಿದ ಪಟ್ಟಿಯಲ್ಲೋ ಕಾರ್ಡಿನಲ್ಲೋ ದುಡ್ಡು ತುಂಬಿಸಿದ್ದೀರಿ. ಟಕ್ ಅಂತ ತೋರಿಸಿದರೆ ಆಯಿತು, ನೋಟು ಎಣಿಸುವ ಕೆಲಸವೇ ಇಲ್ಲ. ಒಬ್ಬರಿಗೆ ಅಂದದ್ದು ಆರು ಲೋಟ ಆಗುತ್ತದೆ. ನಿಮ್ಮ ಬಿಲ್ಲುಗಳ ಮೇಲಿನ ಸಮಯ ನೋಡಿದೆ: ಮಧ್ಯಾಹ್ನ 1.40ಕ್ಕೆ ಆರು, ಸಂಜೆ 4.15ಕ್ಕೆ ಆರು.

ಇದಕ್ಕೆ ಮದ್ದು ಕೋಲಾ ಬೇಡ ಅನ್ನುವುದಲ್ಲ. ಪ್ರವಾಸಕ್ಕೆ ಹೋದ ಮಗು ಒಂದು ಲೋಟ ಕೇಳಿದರೆ ಕೊಡಿಸಬೇಕು. ಬಾಯಾರಿಕೆ ಮೊದಲು ನೀರಿನಲ್ಲಿ ಇಂಗಲಿ, ಕೋಲಾ ಆಮೇಲೆ ಆಸೆಗೆ ಬರಲಿ. ಗಂಟೆಗೊಮ್ಮೆ ಎಲ್ಲರನ್ನೂ ಮೇಲೆ ಕರೆದು ಅರ್ಧ ಲೋಟ ನೀರು ಕುಡಿಸಿ. ಹಾಗೆ ಮಾಡಿದ ಮನೆಯವರಲ್ಲಿ ಆರು ಲೋಟದ ಜಾಗದಲ್ಲಿ ಎರಡು ತಂದು ಹಂಚಿಕೊಂಡಿದ್ದನ್ನು ನಾನೇ ನೋಡಿದ್ದೇನೆ. 300 ಮಿಲಿಲೀಟರ್ ಕೋಲಾದಲ್ಲಿ ಸುಮಾರು 30 ಗ್ರಾಂ ಸಕ್ಕರೆ ಇರುತ್ತದೆ, ಅಂದರೆ ಆರೇಳು ಚಮಚ. ಕುಡಿದ ಅರ್ಧ ಗಂಟೆಗೆ ಮಕ್ಕಳು ಮತ್ತೆ ಬಾಯಾರಿಕೆ ಅನ್ನುತ್ತಾರೆ.

ಓಆರ್‌ಎಸ್ ಬೇಕು ಅನ್ನಿಸಿದರೆ ಮೆಡಿಕಲ್ ಸ್ಟೋರಿನ ಪುಡಿ ಪೊಟ್ಟಣ ಮನೆಯಿಂದಲೇ ಒಯ್ಯಿರಿ, ಲೀಟರ್ ನೀರಿಗೆ ಎಷ್ಟು ಅಂತ ಅದರ ಮೇಲೇ ಬರೆದಿರುತ್ತದೆ. ಟೆಟ್ರಾ ಪ್ಯಾಕಿನಲ್ಲಿ ಓಆರ್‌ಎಸ್ ಹೆಸರು ಹಾಕಿಕೊಂಡು ಬರುತ್ತಿದ್ದವು ಬಹಳಷ್ಟು ಬರೀ ಸಿಹಿ ಪಾನೀಯ. ಹೈದರಾಬಾದಿನ ಮಕ್ಕಳ ವೈದ್ಯೆಯೊಬ್ಬರು ವರ್ಷಗಟ್ಟಲೆ ಇದರ ವಿರುದ್ಧ ಹೋರಾಡಿದರು. 2025ರ ಅಕ್ಟೋಬರಿನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಅಂಥ ಪಾನೀಯಗಳಿಗೆ ಆ ಹೆಸರು ಹಾಕಬಾರದು ಅಂತ ಆದೇಶ ಮಾಡಿತು.

ಮತ್ತೆ ಮಜ್ಜಿಗೆ. ಅದನ್ನು ಬಿಡಬೇಡಿ. ಗಾಡಿಯಲ್ಲಿ ಥರ್ಮಾಸಿನಲ್ಲಿ ಇರಲಿ, ಒಳಗೆ ಹೋಗುವ ಮುಂಚೆ ಎಲ್ಲರೂ ಎರಡೆರಡು ಲೋಟ ಕುಡಿಯಿರಿ. ಹೊರಗೆ ಹೋಗಿ ಮತ್ತೆ ಒಳಗೆ ಬರಲು ಬಿಡುತ್ತಾರಾ ಅಂತ ಟಿಕೆಟ್ ಕೌಂಟರಿನಲ್ಲೇ ಕೇಳಿ. ಬಿಟ್ಟರೆ ಮಧ್ಯಾಹ್ನ ಪಾರ್ಕಿಂಗಿಗೆ ಬಂದು ಮರದ ನೆರಳಲ್ಲಿ ಮನೆಯ ಚಿತ್ರಾನ್ನ, ಮಜ್ಜಿಗೆ ಮುಗಿಸಿ ಮತ್ತೆ ಹೋಗಬಹುದು. ಸಂಜೆ ಮೈಸೂರು ರಸ್ತೆ ಕಡೆಯಿಂದ ಬರುವವರಾದರೆ ದಾರಿ ಬದಿಯ ಎಳನೀರು ಇದ್ದೇ ಇದೆ. ಎಳನೀರೂ ಈಗ ಅಗ್ಗವಲ್ಲ, ಆದರೆ ಕೊಟ್ಟ ದುಡ್ಡಿಗೆ ಗಂಜಿಯೂ ಸಿಗುತ್ತದೆ.

ದೂರು ಕೊಡುವುದು ಹೇಗೆ? ಪಾರ್ಕಿನಲ್ಲೇ ಕೂಗಾಡುವುದರಿಂದ ಮಕ್ಕಳ ದಿನ ಹಾಳಾಗುತ್ತದೆ, ಕೆಲಸವೂ ಆಗುವುದಿಲ್ಲ. ಬಾಟಲಿಯ ಬೆಲೆ ಕಾಣುವ ಹಾಗೆ ಒಂದು ಫೋಟೊ, ಸ್ಟಾಲಿನ ಬೋರ್ಡಿನದು ಒಂದು. ಬಿಲ್ ಕೇಳಿ ತೆಗೆದುಕೊಳ್ಳಿ. ಬಿಲ್ ಕೊಡದಿದ್ದರೆ ಯುಪಿಐನಲ್ಲಿ ದುಡ್ಡು ಹಾಕಿ, ದಾಖಲೆ ಉಳಿಯುತ್ತದೆ. ಮನೆಗೆ ಬಂದ ಮೇಲೆ 1915ಕ್ಕೆ ಫೋನ್ ಮಾಡಿ. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೇ ಮಾತಾಡಬಹುದು. ಎಂಆರ್‌ಪಿ ವಿಷಯವಾದರೆ ರಾಜ್ಯದ ಕಾನೂನು ಮಾಪನಶಾಸ್ತ್ರ (ತೂಕ ಮತ್ತು ಅಳತೆ) ಇಲಾಖೆಗೂ ಬರೆಯಿರಿ. ಸ್ಟಾಲಿಗೆ ಹೋಗಿ ತಪಾಸಣೆ ಮಾಡುವ ಅಧಿಕಾರ ಅವರಿಗೇ ಇರುವುದು. ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. 5 ಲಕ್ಷದೊಳಗಿನ ದೂರಿಗೆ ಶುಲ್ಕ ಇಲ್ಲ, ವಕೀಲರು ಬೇಕು ಅಂತಲೂ ಇಲ್ಲ, ಇ-ಜಾಗೃತಿ ಪೋರ್ಟಲಿನಲ್ಲಿ ಮನೆಯಿಂದಲೇ ಹಾಕಬಹುದು. ನೀವು ವಾಸವಿರುವ ಜಿಲ್ಲೆಯಲ್ಲೇ ಹಾಕಬಹುದು, ಚಿತ್ರದುರ್ಗದಿಂದ ಬೆಂಗಳೂರಿಗೆ ಓಡಾಡುವ ಅಗತ್ಯ ಇಲ್ಲ. 20 ರೂಪಾಯಿಗೆ ಕೇಸಾ ಅಂತ ನೆಂಟರು ಕೇಳುತ್ತಾರೆ, ಕೇಳಲಿ. ಎರಡು ಎಂಆರ್‌ಪಿ ನಿಂತಿದ್ದೂ ಹೀಗೆ ಹತ್ತು ಇಪ್ಪತ್ತು ರೂಪಾಯಿಗೆ ಕೇಸು ಹಾಕಿದವರಿಂದಲೇ.

ಕೊನೆಗೆ ನಿಮ್ಮ ಆ ಆರು ಬಾಟಲಿ. ಅವತ್ತು ತೆಗೆದ ಫೋಟೊಗಳು ಮೊಬೈಲಿನಲ್ಲಿ ಇರುತ್ತವಲ್ಲ, ಮಕ್ಕಳ ಕೈಯಲ್ಲಿ ಬಾಟಲಿ ಇರುವುದನ್ನು ಹುಡುಕಿ, ಹಿಗ್ಗಿಸಿ ನೋಡಿ. ಅಚ್ಚಾದ ಬೆಲೆ 40 ಇದ್ದರೆ ಬಿಟ್ಟುಬಿಡಿ. 40ಕ್ಕಿಂತ ಕಡಿಮೆ ಇದ್ದರೆ, ಇಲ್ಲವೇ ಆ ಜಾಗದಲ್ಲಿ ಬಿಳಿ ಸ್ಟಿಕ್ಕರ್ ಕಂಡರೆ, ಫೋಟೊ ಮತ್ತು ಬಿಲ್ ಎರಡನ್ನೂ ನನಗೆ ಕಳಿಸಿ. ದೂರು ಕೊಡಲು ಎರಡು ವರ್ಷ ಸಮಯ ಇದೆ. ಹೇಗೆ ಬರೆಯಬೇಕು ಅಂತ ಹೇಳಿಕೊಡುತ್ತೇನೆ.